ಹಿಮ್ಮಡಿಯ ಒಂದು ಹನಿ ರಕ್ತ ಗಡಿ ದಾಟಿದ ಹೆರಿಗೆಗೂ ಸಿಗ್ಲಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಆರೋಗ್ಯ ಪುಟದಲ್ಲಿ ಶುಗರು, ಬಿಪಿ, ಥೈರಾಯ್ಡು, ಮಂಡಿನೋವು ಅಂತ ವರ್ಷಪೂರ್ತಿ ಬರ್ತಾ ಉಂಟು, ಬರ್ಲಿ, ಬೇಡ ಅಂತ ನಾನು ಹೇಳುದಲ್ಲ. ಆದ್ರೆ ಹುಟ್ಟಿ ಎರಡು ಮೂರು ವಾರ ಆಗುವಷ್ಟರಲ್ಲಿ ಕೂಸಿನ ಜೀವವನ್ನೇ ತೆಗೆಯುವ, ಸಮಯಕ್ಕೆ ಗೊತ್ತಾಯ್ತು ಅಂತಾದ್ರೆ ದಿನಕ್ಕೆ ಮೂರು ಹೊತ್ತು ಸಣ್ಣ ಸಣ್ಣ ಮಾತ್ರೆಯಲ್ಲಿ ಆ ಕೂಸು ಎಲ್ಲ ಮಕ್ಕಳ ಹಾಗೆ ಶಾಲೆಗೆ ಹೋಗಿ, ಕೆಲಸಕ್ಕೆ ಸೇರಿ, ಮದುವೆ ಮಕ್ಕಳು ಅಂತ ಬಾಳಬಹುದಾದ ಒಂದು ಕಾಯಿಲೆ ಉಂಟು, ಅದರ ಬಗ್ಗೆ ಕನ್ನಡ ಪೇಪರಿನಲ್ಲಿ ಒಂದು ಕಾಲಂ ಬಂದದ್ದನ್ನು ನಾನಂತೂ ನೋಡಿಲ್ಲ. ಕಂಜನೈಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಅಂತ ಉದ್ದದ ಹೆಸರು, ಡಾಕ್ಟರುಗಳು ಸಿಎಎಚ್ ಅಂತ ಮೂರಕ್ಷರದಲ್ಲಿ ಮುಗಿಸ್ತಾರೆ. ನನ್ನ ತಂಗಿಯ ಮಗಳ ಮಗನಿಗೆ ಇದು ಉಂಟು. ಕಾಸರಗೋಡಿನ ನಾವು ಹೆರಿಗೆಗೆ ಒಂದು ರಾಜ್ಯ, ಬಾಣಂತನಕ್ಕೆ ಇನ್ನೊಂದು ರಾಜ್ಯ ಅಂತ ಬದುಕುವವರು, ಅದಕ್ಕೇ ಈ ಕಾಯಿಲೆ ನಮ್ಮ ಕೈಯಿಂದ ಜಾರಿ ಹೋಗುವ ಸಾಧ್ಯತೆ ಜಾಸ್ತಿ, ಹಾಗಾಗಿ ಬರೀತಾ ಇದ್ದೇನೆ. ಸ್ವಲ್ಪ ಉದ್ದ ಆದ್ರೆ ಕತ್ತರಿಸಿ, ಆದ್ರೆ ಕೊನೆಯ ಕಾರ್ಡಿನ ವಿಷಯ ಮಾತ್ರ ಕತ್ತರಿಸ್ಬೇಡಿ.

ಎರಡೂ ಕಿಡ್ನಿಯ ಮೇಲ್ತುದಿಯಲ್ಲಿ ಒಂದೊಂದು ಸಣ್ಣ ಗ್ರಂಥಿ ಉಂಟು, ಅದೇ ಅಡ್ರಿನಲ್. ಅದು ಕಾರ್ಟಿಸಾಲ್ ಅನ್ನುವ ಹಾರ್ಮೋನು ಮಾಡ್ತದೆ, ಜ್ವರ ಬಂದಾಗ, ಪೆಟ್ಟಾದಾಗ, ಹೊಟ್ಟೆಗಿಲ್ಲದಾಗ ದೇಹ ಕುಸಿಯದ ಹಾಗೆ ಹಿಡಿದು ನಿಲ್ಲಿಸುದು, ರಕ್ತದ ಸಕ್ಕರೆ ಇಳಿಯದ ಹಾಗೆ ನೋಡುದು ಎಲ್ಲ ಅದರ ಕೆಲಸ. ಆಲ್ಡೋಸ್ಟಿರೋನ್ ಅಂತ ಇನ್ನೊಂದು ಮಾಡ್ತದೆ, ಅದು ದೇಹದ ಉಪ್ಪು ಮೂತ್ರದಲ್ಲಿ ಹೋಗಿಬಿಡದ ಹಾಗೆ ತಡೀತದೆ. ಮತ್ತೆ ಸ್ವಲ್ಪ ಗಂಡು ಹಾರ್ಮೋನು, ಅದು ಹೆಣ್ಣುಮಕ್ಕಳಲ್ಲೂ ಸ್ವಲ್ಪ ಇರ್ಲಿಕ್ಕೇ ಬೇಕು. ಸಿಎಎಚ್ ಇರುವ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ಕಡಿಮೆ ಇರುದು 21-ಹೈಡ್ರಾಕ್ಸಿಲೇಸ್ ಅನ್ನುವ ಒಂದೇ ಒಂದು ಎನ್‌ಜೈಮು. ಅದಿಲ್ಲದಿದ್ರೆ ಕಾರ್ಟಿಸಾಲೂ ಇಲ್ಲ, ಉಪ್ಪು ಹಿಡಿಯುವ ಹಾರ್ಮೋನೂ ಇಲ್ಲ. ಮೆದುಳಿನ ಕೆಳಗಿರುವ ಪಿಟ್ಯುಟರಿಗೆ ಇದು ಗೊತ್ತಾಗಿ, ಇನ್ನೂ ಮಾಡು ಇನ್ನೂ ಮಾಡು ಅಂತ ಅಡ್ರಿನಲ್ಲನ್ನು ಒತ್ತಾಯ ಮಾಡ್ತಾ ಇರ್ತದೆ, ಗ್ರಂಥಿ ಊದಿಕೊಳ್ತದೆ, ಆದ್ರೆ ಮಾಡಿದ ಕಚ್ಚಾಮಾಲೆಲ್ಲ ಮುಂದಕ್ಕೆ ಹೋಗ್ಲಿಕ್ಕೆ ದಾರಿ ಇಲ್ಲ. ನಮ್ಮ ತೋಡಿಗೆ ಡಿಸೆಂಬರಿನಲ್ಲಿ ಕಟ್ಟ ಹಾಕಿದ್ರೆ ನೀರು ಸುಮ್ಮನೆ ನಿಲ್ತದಾ, ಪಕ್ಕದ ಕಣಿಯಲ್ಲಿ ತೋಟಕ್ಕೆ ನುಗ್ತದೆ, ಇದೂ ಹಾಗೇ, ತಡೆದ ಮಾಲು ಪೂರ್ತಿ ಗಂಡು ಹಾರ್ಮೋನಿನ ದಾರಿಗೆ ನುಗ್ತದೆ. ಬೇಕಾದ್ದು ಇಲ್ಲ, ಬೇಡದ್ದು ಹೆಚ್ಚು. ಹೀಗೆ ತಡೆದು ನಿಂತ ಕಚ್ಚಾಮಾಲಿಗೆ 17-ಓಎಚ್‌ಪಿ ಅಂತ ಹೆಸರು, ರಕ್ತದಲ್ಲಿ ಅದನ್ನು ಅಳೆದೇ ಕಾಯಿಲೆ ಹಿಡಿಯುದು.

ಹೆಣ್ಣು ಕೂಸಿಗೆ ಇದು ಇದ್ರೆ ಹುಟ್ಟುವಾಗಲೇ ಸಾಮಾನ್ಯವಾಗಿ ಕಣ್ಣಿಗೆ ಬೀಳ್ತದೆ. ಗರ್ಭದಲ್ಲೇ ಗಂಡು ಹಾರ್ಮೋನು ಜಾಸ್ತಿ ಸಿಕ್ಕಿರ್ತದೆ, ಹೊರಗಿನ ಜನನಾಂಗ ಗಂಡು ಮಗುವಿನ ಹಾಗೆ ಸ್ವಲ್ಪ ಬೆಳೆದಿರ್ತದೆ, ಒಳಗೆ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿಯೇ ಇರ್ತದೆ. ನರ್ಸು ಡಾಕ್ಟರು ನೋಡಿ ಟೆಸ್ಟಿಗೆ ಕಳಿಸ್ತಾರೆ. ಗಂಡು ಕೂಸಿನ ಕತೆ ಹಾಗಲ್ಲ ಮಾರಾಯ್ರೆ, ಅದೇ ನನ್ನ ದೊಡ್ಡ ತಕರಾರು. ಗಂಡು ಕೂಸು ನೋಡ್ಲಿಕ್ಕೆ ನೂರಕ್ಕೆ ನೂರು ಆರೋಗ್ಯ, ತೂಕ ಚೆನ್ನಾಗಿ, ಅಳು ಚೆನ್ನಾಗಿ, ಮೂರನೇ ದಿನ ಡಿಸ್ಚಾರ್ಜು. ಒಳಗೆ ಉಪ್ಪು ಹೋಗ್ತಾ ಉಂಟು ಅಂತ ಯಾರಿಗೂ ಗೊತ್ತಿಲ್ಲ. ಎರಡನೇ ವಾರವೋ ಮೂರನೇ ವಾರವೋ ಹಾಲು ಕಕ್ಕಲಿಕ್ಕೆ ಸುರು, ಮತ್ತೆ ಹಾಲೇ ಬೇಡ, ಮೈ ಸಡಿಲ, ಏಳಿಸಿದ್ರೆ ಏಳುದಿಲ್ಲ, ಹುಟ್ಟಿದಾಗಿನ ತೂಕಕ್ಕಿಂತ ಕಡಿಮೆ. ಪೂರ್ಣ ತೀವ್ರವಾದ ಬಗೆಯಲ್ಲಿ ನಾಲ್ಕರಲ್ಲಿ ಮೂರು ಮಕ್ಕಳು ಹೀಗೆ ಉಪ್ಪು ಕಳ್ಕೊಳ್ಳುವವರೇ. ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿ ಎದೆಬಡಿತವೇ ತಪ್ಪಿ ಹೋಗ್ತದೆ. ಆಮೇಲೆ ಊರವರು ಬಾಲಗ್ರಹ ಅಂತಾರೆ, ದೃಷ್ಟಿ ಅಂತಾರೆ, ಇಲ್ಲದಿದ್ರೆ ರಕ್ತಕ್ಕೆ ನಂಜಾಯ್ತು ಅಂತ ಒಂದು ಚೀಟಿಯಲ್ಲಿ ಬರೆದು ಮುಗೀತದೆ.

ನಮ್ಮ ಹುಡುಗನದ್ದೂ ಇದೇ ದಾರಿ ಹಿಡಿದಿತ್ತು. ಹೆರಿಗೆ ಆದದ್ದು ಗಡಿಯಾಚೆ ಒಂದು ಖಾಸಗಿ ಆಸ್ಪತ್ರೆಯಲ್ಲಿ, ನಾರ್ಮಲ್ ಡೆಲಿವರಿ, ಸ್ವೀಟ್ ಹಂಚಿ ಆಯ್ತು, ಬಾಣಂತಿ ಕೂಸು ಇಬ್ರೂ ಇತ್ಲಾಗಿ ಮನೆಗೆ ಬಂದ್ರು. ಈ ಟೆಸ್ಟಿಗೆ ಹಿಮ್ಮಡಿಯ ರಕ್ತ ಯಾರೂ ತೆಗೀಲಿಲ್ಲ, ತೆಗೀಬೇಕು ಅಂತ ಯಾರೂ ಹೇಳ್ಲೂ ಇಲ್ಲ. ಕಕ್ಕಲಿಕ್ಕೆ ಸುರುವಾದಾಗ ಪಕ್ಕದ ಮನೆಯ ಅಜ್ಜಿ, ಗಂಡು ಕೂಸಲ್ವಾ ಮಾಷ್ಟ್ರೆ, ಹೊಟ್ಟೆಬಾಕ, ಹೆಚ್ಚು ಕುಡ್ದು ಕಕ್ಕುದು ಅಂತ ಹೇಳಿ ಬಜೆ ತೇದು ನಾಲಿಗೆಗೆ ಮುಟ್ಟಿಸಿದ್ರು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸಿನ ಡ್ರಾಪ್ಸ್ ಕೊಟ್ರು. ಮತ್ತೆ ಕೂಸು ಕಣ್ಣೇ ಬಿಡ್ಲಿಲ್ಲ, ರಾತ್ರಿಗೆ ರಾತ್ರಿ ಮಂಗಳೂರಿಗೆ ಓಡಿದ್ದು. ಅಲ್ಲಿ ಮೊದ್ಲು ಹೊಟ್ಟೆಯ ಬಾಯಿ ಬಿಗಿದುಕೊಂಡಿರ್ಬೇಕು, ಆಪರೇಷನ್ ಬೇಕಾಗ್ಬಹುದು ಅಂತ ಮಾತು ಬಂತು, ಆ ವಯಸ್ಸಿನ ಗಂಡು ಕೂಸುಗಳಿಗೆ ಅದೂ ಆಗ್ತದಂತೆ, ಕಕ್ಕುದು ಎರಡರಲ್ಲೂ ಒಂದೇ ಥರ. ಆದ್ರೆ ಆ ಕಾಯಿಲೆಯಲ್ಲಿ ಪೊಟ್ಯಾಸಿಯಂ ಇಳೀತದೆ, ಇದ್ರಲ್ಲಿ ಏರ್ತದೆ. ರಿಪೋರ್ಟು ನೋಡಿದ ಮಕ್ಕಳ ಡಾಕ್ಟರಮ್ಮ, ಪ್ರಾಯ ಚಿಕ್ಕದು, ಕೂಸಿನ ಬಟ್ಟೆ ಬಿಚ್ಚಿ ಕೆಳಗೆ ಚರ್ಮ ಅಷ್ಟು ಕಪ್ಪಾಗಿದ್ದನ್ನು ನೋಡಿದವರೇ ನನ್ನ ಅಮ್ಮನ ಹತ್ರ ಕೇಳಿದ್ದು ಒಂದೇ ಪ್ರಶ್ನೆ, ಅಜ್ಜಿ, ನಿಮ್ಮ ಮನೆಯಲ್ಲಿ ಹಿಂದೆ ಗಂಡು ಕೂಸುಗಳು ತಿಂಗಳು ತುಂಬುವ ಮೊದ್ಲು ಹೋದದ್ದುಂಟಾ? ಅಮ್ಮ ಹೌದು ಮಗಾ, ಎರಡು, ಅಂತ ಹೇಳಿದ್ರು. ರಕ್ತ ಟೆಸ್ಟಿಗೆ ಕಳಿಸಿ, ರಿಸಲ್ಟಿಗೆ ಕಾಯದೆ ಆಗಲೇ ಗ್ಲೂಕೋಸ್, ಸಲೈನ್, ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಸುರು ಮಾಡಿದ್ರು. ಮರುದಿನ ಕೂಸು ಹಾಲಿಗೆ ಬಾಯಿ ಹಾಕಿತು. ಈಗ ಎಲ್‌ಪಿ ಶಾಲೆಗೆ ಹೋಗ್ತಾನೆ, ಅವನ ಗಲಾಟೆ ತಡೀಲಿಕ್ಕೆ ಆಗುದಿಲ್ಲ.

ಈಗ ವಿಷಯಕ್ಕೆ ಬರ್ತೇನೆ. ಕೇರಳದಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಈ ಟೆಸ್ಟು ಫ್ರೀ ಉಂಟು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಶಲಭಂ ಅನ್ನುವ ಯೋಜನೆಯಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ರಕ್ತ ತೆಗೆದು ನಾಲ್ಕು ಕಾಯಿಲೆಗೆ ನೋಡ್ತಾರೆ, ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ, ಈ ಸಿಎಎಚ್, ಕೆಂಪು ರಕ್ತಕಣ ಬೇಗ ಒಡೆಯುವ ಜಿ6ಪಿಡಿ ಕೊರತೆ, ಹಾಲಿನ ಸಕ್ಕರೆ ಮೈಗೆ ಆಗದ ಗ್ಯಾಲಕ್ಟೋಸೀಮಿಯಾ. ದೇಶದಲ್ಲಿ ಸರಕಾರವೇ ಇಷ್ಟು ಮಾಡುವ ರಾಜ್ಯಗಳು ಕಡಿಮೆ, ಕೇರಳ ಸರಕಾರವನ್ನು ಎಷ್ಟೋ ವಿಷಯಕ್ಕೆ ಬೈಯುವ ನಾನು ಇದಕ್ಕೆ ಮಾತ್ರ ಕೈ ಮುಗಿತೇನೆ. ಆದ್ರೆ ಮಂಜೇಶ್ವರ, ಉಪ್ಪಳ, ವರ್ಕಾಡಿ, ಪೈವಳಿಕೆ, ಪೆರ್ಲ, ಬದಿಯಡ್ಕ, ಈ ಕಡೆಯ ಎಷ್ಟು ಹೆಂಗಸರು ಹೆರಿಗೆಗೆ ಹೋಗುದು ಕಾಸರಗೋಡಿಗೆ? ಮಂಗಳೂರಿಗಲ್ವಾ? ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ನಾವು ಇನ್ನೂ ಗಡಿಯ ತಲಪಾಡಿ ದಾಟುದನ್ನು ಬಿಟ್ಟಿಲ್ಲ. ಗಡಿಯಾಚೆಯ ಖಾಸಗಿ ಆಸ್ಪತ್ರೆಯಲ್ಲಿ ಈ ಟೆಸ್ಟು ತನ್ನಷ್ಟಕ್ಕೆ ಆಗಿಬಿಡ್ತದೆ ಅಂತ ಕೂತ್ಕೊಂಡ್ರೆ ಆಗ್ಲಿಕ್ಕಿಲ್ಲ, ಕೇಳಿ ಮಾಡಿಸ್ಬೇಕು, ದುಡ್ಡು ಕೊಟ್ಟು ಮಾಡಿಸ್ಬೇಕು. ಮನೆಗೆ ವಾಪಸು ಬಂದ ಮೇಲೆ ಇಲ್ಲಿನ ಆಶಾ ಕಾರ್ಯಕರ್ತೆ ಬರ್ತಾರೆ, ತೂಕ ನೋಡ್ತಾರೆ, ಚುಚ್ಚುಮದ್ದಿನ ಕಾರ್ಡು ನೋಡ್ತಾರೆ, ಹಿಮ್ಮಡಿಯ ರಕ್ತ ಆಗಿದೆಯಾ ಅಂತ ಕೇಳಬೇಕಾದ ಪ್ರಶ್ನೆ ಎಷ್ಟೋ ಸಲ ಕೇಳುದಿಲ್ಲ, ಅವರನ್ನು ದೂರುದಲ್ಲ, ಅವರ ತಲೆ ಮೇಲೆ ಬೇಕಾದಷ್ಟು ಹೊರೆ ಉಂಟು. ಹೀಗೆ ಆ ರಾಜ್ಯದ ಲೆಕ್ಕದಲ್ಲೂ ಇಲ್ಲ, ಈ ರಾಜ್ಯದ ಲೆಕ್ಕದಲ್ಲೂ ಇಲ್ಲ.

ಜಿಲ್ಲಾ ಆರೋಗ್ಯ ಇಲಾಖೆಗೆ ನನ್ನ ಕೇಳಿಕೆ ಇಷ್ಟೇ. ಹೆರಿಗೆ ಎಲ್ಲೇ ಆಗ್ಲಿ, ಮೊದಲ ವಾರದೊಳಗೆ ಊರಿಗೆ ಬಂದ ಕೂಸಿಗೆ ಹತ್ತಿರದ ಫ್ಯಾಮಿಲಿ ಹೆಲ್ತ್ ಸೆಂಟರಿನಲ್ಲಿ ರಕ್ತ ತೆಗೆದು ಕಳಿಸುವ ವ್ಯವಸ್ಥೆ ಮಾಡಿ. ರಕ್ತ ತೆಗೆಯುದು ದೊಡ್ಡ ಕೆಲಸ ಅಲ್ಲ, ಒಂದು ಫಿಲ್ಟರ್ ಪೇಪರಿಗೆ ಕೆಲವು ಹನಿ ಬಿಟ್ಟು ಒಣಗಿಸಿದ್ರೆ ಆಯ್ತು. ಹುಟ್ಟಿ 48 ಗಂಟೆ ಕಳೆದು 72 ಗಂಟೆಯ ಒಳಗೆ ತೆಗೆದ್ರೆ ಉತ್ತಮ, ತೀರಾ ಬೇಗ ತೆಗೆದ್ರೆ ಆರೋಗ್ಯದ ಕೂಸಿಗೂ ಆ ಕಚ್ಚಾಮಾಲು ಜಾಸ್ತಿ ತೋರಿಸ್ತದೆ, ತಿಂಗಳು ತುಂಬದೆ ಹುಟ್ಟಿದ ಕೂಸಿಗೂ ಹಾಗೇ, ಅಂತ ಸಂದರ್ಭದಲ್ಲಿ ಎರಡನೇ ಸಲ ಟೆಸ್ಟು ಮಾಡ್ತಾರೆ, ಹೆದರ್ಬೇಕಾಗಿಲ್ಲ. ಆದ್ರೆ ರಿಸಲ್ಟು ತಿಂಗಳು ಕಳೆದು ಬಂದ್ರೆ ಇಡೀ ಟೆಸ್ಟೇ ದಂಡ, ಯಾಕಂದ್ರೆ ಈ ಕಾಯಿಲೆ ಕೊಡುವ ಸಮಯವೇ ಎರಡು ವಾರ. ಸ್ವೀಡನ್ನಿನಲ್ಲಿ 1986ರಿಂದ, ಜಪಾನಿನಲ್ಲಿ 1989ರಿಂದ ಎಲ್ಲ ಕೂಸುಗಳಿಗೂ ಇದನ್ನು ಮಾಡ್ತಾ ಇದ್ದಾರೆ. ನಮ್ಮ ದೇಶದಲ್ಲಿ ಸರಕಾರದ ವೈದ್ಯಕೀಯ ಸಂಶೋಧನೆಯ ಸಂಸ್ಥೆ ಐಸಿಎಂಆರ್ ಐದು ದೊಡ್ಡ ಊರುಗಳಲ್ಲಿ ಲಕ್ಷಕ್ಕೆ ಮೇಲೆ ಕೂಸುಗಳ ರಕ್ತ ನೋಡಿದಾಗ ಸುಮಾರು 5,700ಕ್ಕೆ ಒಂದರ ಲೆಕ್ಕದಲ್ಲಿ ಸಿಎಎಚ್ ಸಿಕ್ಕಿತ್ತು. ಅಪರೂಪ ಹೌದು, ಆದ್ರೆ ಅಷ್ಟೇನೂ ಅಪರೂಪ ಅಲ್ಲ.

ಈಗ ಇನ್ನೊಂದು ಮಾತು, ಯಾರಿಗೆ ಬೇಜಾರಾದ್ರೂ ಹೇಳ್ಬೇಕು. ಇಂತ ಕೂಸು ಹುಟ್ಟಿದ್ರೆ ಮೊದ್ಲು ಸೊಸೆಯ ತಲೆಗೆ ಕಟ್ಟುದು, ಅವಳ ತವರಿನ ದೋಷ, ನಾಗನ ದೋಷ, ಪ್ರಶ್ನೆ ಇಡಿಸ್ಬೇಕು. ಇದು ಒಬ್ಬರಿಂದ ಬರುದೇ ಇಲ್ಲ. ಆರನೇ ಕ್ರೋಮೋಸೋಮಿನಲ್ಲಿರುವ ಒಂದು ಜೀನು ಅಪ್ಪನ ಕಡೆಯಿಂದ ಕೆಟ್ಟದ್ದು, ಅಮ್ಮನ ಕಡೆಯಿಂದಲೂ ಕೆಟ್ಟದ್ದು, ಎರಡೂ ಒಂದೇ ಕೂಸಿಗೆ ಸಿಕ್ಕಿದ್ರೆ ಮಾತ್ರ ಕಾಯಿಲೆ. ಒಂದೇ ಕೆಟ್ಟ ಜೀನು ಇರುವವರಿಗೆ ಏನೂ ಆಗುದಿಲ್ಲ, ಪ್ರಪಂಚದಲ್ಲಿ ಐವತ್ತು ಅರವತ್ತು ಜನರಲ್ಲಿ ಒಬ್ಬರು ಹಾಗೆ ಹೊತ್ತುಕೊಂಡು ತಿರುಗ್ತಾ ಇದ್ದಾರೆ, ಇದನ್ನು ಓದುವವರಲ್ಲೂ ಇರ್ತಾರೆ. ಅಪ್ಪ ಅಮ್ಮ ಇಬ್ಬರೂ ಹೊತ್ತವರಾದ್ರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಅಂಶ ಕಾಯಿಲೆ ಬರುವ ಸಾಧ್ಯತೆ, ಮೊದಲ ಮಗುವಿಗೆ ಬಂತು ಹಾಗಾಗಿ ಎರಡನೆಯದಕ್ಕೆ ಬರ್ಲಿಕ್ಕಿಲ್ಲ ಅಂತ ಲೆಕ್ಕ ಹಾಕ್ಬಾರ್ದು. ಸೋದರಮಾವನ ಮಗಳು, ಸೋದರತ್ತೆಯ ಮಗ ಅಂತ ಒಳಗೊಳಗೇ ಸಂಬಂಧ ಮಾಡುವಲ್ಲಿ ಒಂದೇ ಕೆಟ್ಟ ಜೀನು ಎರಡು ಕಡೆಯಿಂದ ಸೇರುವ ಸಾಧ್ಯತೆ ಹೆಚ್ಚು. ನಮ್ಮ ಮನೆಯಲ್ಲೂ ಹಾಗೇ ಆದದ್ದು.

ಹಾಗೆಯೇ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ವಿಷಯ. ಎಣ್ಮಕಜೆ, ಪಡ್ರೆಯ ಕಡೆಯವರಿಗೆ ಆದ ಅನ್ಯಾಯ ನಾನು ಕಣ್ಣಾರೆ ನೋಡಿದವ, ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಆ ವಿಷ ಬಿಟ್ಟದ್ದು 2000ದ ವರೆಗೆ, ಸುಪ್ರೀಂ ಕೋರ್ಟು ನಿಷೇಧ ಮಾಡಿದ್ದು 2011ರಲ್ಲಿ, ಅದರ ಹೋರಾಟಕ್ಕೆ ನನ್ನದೂ ಸಹಿ ಉಂಟು. ಆದ್ರೆ ಅದರಿಂದ ನಮ್ಮ ಕಡೆ ಒಂದು ಅಭ್ಯಾಸ ಆಗಿ ಹೋಗಿದೆ, ಕೂಸಿಗೆ ಏನು ಆದ್ರೂ ಅದರ ಲೆಕ್ಕಕ್ಕೆ ಬರೆದು ಸುಮ್ಮನಾಗುದು. ಸಿಎಎಚ್ ಅದರಿಂದ ಬರುದಲ್ಲ, ಜೀನಿನಿಂದ ಬರುದು, ಅದಕ್ಕೆ ಮದ್ದೂ ಉಂಟು. ಎಂಡೋಸಲ್ಫಾನ್ ಸಂತ್ರಸ್ತರ ಲಿಸ್ಟಿಗೆ ಹೆಸರು ಸೇರಿಸ್ಲಿಕ್ಕೆ ಓಡಾಡುವ ಹೊತ್ತಿನಲ್ಲಿ ಮದ್ದು ಸುರು ಮಾಡದಿದ್ರೆ ಕೂಸು ಉಳಿಯುದಿಲ್ಲ.

ಹೆಣ್ಣುಮಕ್ಕಳ ವಿಷಯ ಬರೀಲಿಕ್ಕೆ ಸ್ವಲ್ಪ ಮುಜುಗರ, ಆದ್ರೆ ಮುಜುಗರದಿಂದಲೇ ಹಾಳಾದದ್ದು. ಹುಟ್ಟಿದ ಕೂಡ್ಲೆ ಗಂಡಾ ಹೆಣ್ಣಾ ಅಂತ ನೆಂಟರು ಫೋನು ಮಾಡಿ ಕೇಳ್ತಾರೆ, ಅಪ್ಪ ಅಮ್ಮನಿಗೆ ಹೇಳ್ಲಿಕ್ಕೆ ಉತ್ತರ ಇಲ್ಲ. ಕೆಲವರು ಅವಸರಕ್ಕೆ ಗಂಡು ಅಂತ ಹೆಸರಿಟ್ಟು ಮತ್ತೆ ಬದಲಾಯಿಸ್ಲಿಕ್ಕೆ ಕಷ್ಟಪಡ್ತಾರೆ, ಕೆಲವರು ಯಾರಿಗೂ ತೋರಿಸದೆ ಇಡ್ತಾರೆ. ಡಾಕ್ಟರು ಕ್ರೋಮೋಸೋಮು ಟೆಸ್ಟು, ಸ್ಕ್ಯಾನಿಂಗ್ ಮಾಡಿ ಹೇಳುವವರೆಗೆ ಕೆಲವು ದಿನ ಕಾಯ್ಬೇಕು, ಅಷ್ಟೇ. ನೆಂಟರಿಗೆ ಕೂಸು ಐಸಿಯುನಲ್ಲಿ ಉಂಟು, ಮತ್ತೆ ಹೇಳ್ತೇವೆ ಅಂದ್ರೆ ಸಾಕು, ಅವರು ಕಾಯ್ಲಿ. ಆಪರೇಷನ್ ಈಗಲೇ ಬೇಕಾ ಅನ್ನುದು ಇನ್ನೊಂದು ದೊಡ್ಡ ಪ್ರಶ್ನೆ. 2023ರ ಆಗಸ್ಟಿನಲ್ಲಿ ಕೇರಳ ಹೈಕೋರ್ಟಿಗೆ ಇದೇ ಸಿಎಎಚ್ ಇರುವ ಏಳು ವರ್ಷದ ಮಗುವಿನ ಅಪ್ಪ ಅಮ್ಮ ಹೋಗಿದ್ರು, ಹೆಣ್ಣಾಗಿ ಬೆಳೆಸ್ತೇವೆ, ಆಪರೇಷನ್‌ಗೆ ಅನುಮತಿ ಕೊಡಿ ಅಂತ. ಮಗುವಿನ ಒಪ್ಪಿಗೆ ಇಲ್ಲದೆ ಹಾಗೆ ಅನುಮತಿ ಕೊಡ್ಲಿಕ್ಕೆ ಆಗುದಿಲ್ಲ, ತಜ್ಞರ ರಾಜ್ಯ ಮಟ್ಟದ ಸಮಿತಿ ನೋಡಿ ಹೇಳ್ಲಿ ಅಂತ ಕೋರ್ಟು ಹೇಳಿತು. ತಮಿಳುನಾಡಿನಲ್ಲಿ 2019ರಿಂದಲೇ ಜೀವಕ್ಕೆ ಅಪಾಯ ಇಲ್ಲದ ಇಂತ ಆಪರೇಷನ್ ಕೂಸುಗಳಿಗೆ ಮಾಡ್ಬಾರ್ದು ಅಂತ ಸರಕಾರದ ಆದೇಶ ಉಂಟು. ನನ್ನ ಅಭಿಪ್ರಾಯ ಕೇಳಿದ್ರೆ ಕೋರ್ಟು ಸರಿ ಹೇಳಿದೆ. ಮೂತ್ರ ಹೋಗ್ಲಿಕ್ಕೆ ತಡೆ ಇದ್ರೆ ಬೇರೆ ಮಾತು, ಊರವರ ಬಾಯಿ ಮುಚ್ಚಿಸ್ಲಿಕ್ಕೆ ಮಗುವಿನ ಮೈಗೆ ಕತ್ತರಿ ಹಾಕುದು ಬೇಡ. ಮಾತ್ರೆ ಮಾತ್ರ ಒಂದು ದಿನವೂ ತಡ ಮಾಡ್ಬಾರ್ದು.

ತೀವ್ರವಲ್ಲದ ಇನ್ನೊಂದು ಬಗೆಯೂ ಉಂಟು, ಉಪ್ಪು ಹೋಗುದಿಲ್ಲ, ಜೀವಕ್ಕೆ ಅಪಾಯ ಇಲ್ಲ, ಐದಾರು ವರ್ಷಕ್ಕೇ ಕಂಕುಳಲ್ಲಿ ರೋಮ, ಇಲ್ಲವೇ ವಯಸ್ಸಿಗೆ ಬಂದ ಹುಡುಗಿಗೆ ಮುಖದಲ್ಲಿ ಮೊಡವೆ, ಗಡ್ಡದ ಜಾಗದಲ್ಲಿ ಕೂದಲು, ತಿಂಗಳ ಮುಟ್ಟು ಏರುಪೇರು. ಪಿಸಿಓಡಿ, ಅಂದ್ರೆ ಅಂಡಾಶಯದ ನೀರುಗುಳ್ಳೆ ತೊಂದರೆ, ಅಂತ ಹೇಳಿ ಕಳಿಸುವವರಲ್ಲಿ ಕೆಲವರಿಗೆ ಇರುದು ಇದು.

ಮದ್ದಿನ ವಿಷಯ. ಇಲ್ಲದ ಹಾರ್ಮೋನನ್ನು ಹೊರಗಿಂದ ಕೊಡುದು, ಇಷ್ಟೇ ಚಿಕಿತ್ಸೆ. 1950ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಾಸನ್ ವಿಲ್ಕಿನ್ಸ್ ಅನ್ನುವ ಮಕ್ಕಳ ಡಾಕ್ಟರು ಕಾರ್ಟಿಸೋನ್ ಕೊಟ್ಟು ತೋರಿಸಿದ ಮೇಲೆ ಈ ಮಕ್ಕಳು ಉಳಿಯಲಿಕ್ಕೆ ಸುರುವಾದದ್ದು. ಈಗ ಬೆಳೆಯುವ ಮಕ್ಕಳಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ದಿನಕ್ಕೆ ಮೂರು ಸಲ, ಉಪ್ಪು ಹಿಡಿಯಲಿಕ್ಕೆ ಫ್ಲುಡ್ರೋಕಾರ್ಟಿಸೋನ್, ಹಾಲು ಕುಡಿಯುವ ವಯಸ್ಸಿನಲ್ಲಿ ದಿನಕ್ಕೆ ಒಂದೆರಡು ಗ್ರಾಮು ಉಪ್ಪು ನೀರಿನಲ್ಲಿ ಕರಗಿಸಿ ಹಂಚಿ ಹಂಚಿ. ಡೋಸು ಮಗುವಿನ ಎತ್ತರ ತೂಕ ನೋಡಿ ಡಾಕ್ಟರು ಲೆಕ್ಕ ಹಾಕುದು, ಮಗು ಬೆಳೆದ ಹಾಗೆ ಬದಲಾಗ್ತದೆ, ಪಕ್ಕದ ಮನೆಯ ಮಗುವಿನ ಚೀಟಿ ನೋಡಿ ಕೊಡುವಂತದ್ದಲ್ಲ. ಸ್ಟೀರಾಯ್ಡು ಅಂತ ಕೇಳಿದ ಕೂಡ್ಲೆ ನಮ್ಮವರಿಗೆ ಎದೆ ಧಸಕ್ ಅಂತದೆ, ಆಸ್ತಮಾಕ್ಕೆ, ಸಂಧಿವಾತಕ್ಕೆ ತಿಂಗಳುಗಟ್ಲೆ ತಿಂದು ಮುಖ ಊದಿದವರನ್ನು ನೋಡಿದ್ದೇವೆ. ಅಲ್ಲಿ ದೇಹದಲ್ಲಿ ಇರುದರ ಮೇಲೆ ಹೆಚ್ಚುವರಿ ಕೊಡುದು, ಇಲ್ಲಿ ಇಲ್ಲದ್ದನ್ನು ತುಂಬಿಸುದು. ಡೋಸು ಹೆಚ್ಚಾದ್ರೆ ಇಲ್ಲೂ ಮಗು ದಪ್ಪ ಆಗ್ತದೆ, ಎತ್ತರ ನಿಲ್ತದೆ. ಕಡಿಮೆಯಾದ್ರೆ ಆಗುದು ಬಹಳ ಜನರಿಗೆ ಗೊತ್ತೇ ಇಲ್ಲ, ಮಗು ನಾಲ್ಕು ವರ್ಷಕ್ಕೇ ಏಳು ವರ್ಷದವನ ಹಾಗೆ ಎತ್ತರ, ಗಟ್ಟಿಮುಟ್ಟು, ಮನೆಯವರಿಗೆ ಖುಷಿಯೋ ಖುಷಿ, ಆದ್ರೆ ಎಲುಬು ಬೇಗ ಬಲಿತು ಎಲ್ಲರಿಗಿಂತ ಮೊದಲೇ ಬೆಳವಣಿಗೆ ನಿಂತು ಹೋಗಿ ದೊಡ್ಡವನಾದಾಗ ಕುಳ್ಳ. ಹಾಗಾಗಿ ಮೂರ್ನಾಲ್ಕು ತಿಂಗಳಿಗೊಮ್ಮೆ ಎತ್ತರ, ಬಿಪಿ, ರಕ್ತ ನೋಡಿಸುದು, ಆಗಾಗ ಕೈಯ ಎಕ್ಸ್‌ರೇ, ಇದನ್ನು ತಪ್ಪಿಸ್ಬಾರ್ದು. ಆಯುರ್ವೇದ ಬೇಡ ಅಂತ ನಾನು ಹೇಳುವವನಲ್ಲ, ಆದ್ರೆ ಜ್ಯೇಷ್ಠಮಧು ಹಾಕಿದ ಕಷಾಯ ಈ ಮಾತ್ರೆಯ ಜೊತೆ ಸೇರಿದ್ರೆ ಬಿಪಿ ಏರಿ ಪೊಟ್ಯಾಸಿಯಂ ಇಳಿದು ಹೋಗ್ಬಹುದು, ಡಾಕ್ಟರ ಹತ್ರ ಹೇಳದೆ ಕೊಡ್ಬೇಡಿ. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಕ್ರಿನೆಸರ್‌ಫಾಂಟ್ ಅಂತ ಹೊಸ ಮದ್ದಿಗೆ ಒಪ್ಪಿಗೆ ಆಗಿದೆ, ಅದು ಸ್ಟೀರಾಯ್ಡಿನ ಜಾಗಕ್ಕಲ್ಲ, ಅದರ ಜೊತೆಗೆ ತಗೊಂಡು ಡೋಸು ಇಳಿಸ್ಲಿಕ್ಕೆ. ನಮ್ಮ ಪೇಟೆಯ ಮದ್ದಿನಂಗಡಿಗೆ ಫ್ಲುಡ್ರೋಕಾರ್ಟಿಸೋನೇ ಸರಿಯಾಗಿ ಬರುದಿಲ್ಲ, ಮತ್ತೆ ಅದೆಲ್ಲಿ!

ನಗ್ಲಿಕ್ಕೆ ಹೇಳಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಮದ್ದುಗಳ ಪಟ್ಟಿಯಲ್ಲಿ ಇರುವ ಮಾತ್ರೆ ಇವು, ಆದ್ರೆ ಇಲ್ಲಿ ಅಂಗಡಿಯಲ್ಲಿ ಕೇಳಿದ್ರೆ ಆರ್ಡರ್ ಹಾಕ್ಬೇಕು, ನಾಡ್ದು ಬನ್ನಿ ಅಂತಾರೆ. ಹೋಗುವ ಮಾಲಲ್ಲ, ಎಕ್ಸ್‌ಪೈರಿ ಆಗ್ತದೆ, ಅವರಿಗೂ ಕಷ್ಟ ಉಂಟು. ಹಾಗಾಗಿ ಮನೆಯಲ್ಲಿ ಒಂದು ತಿಂಗಳಿನ ಮದ್ದು ಯಾವಾಗ್ಲೂ ಹೆಚ್ಚಿಗೆ ಇಟ್ಟುಕೊಳ್ಳುದು ಒಳ್ಳೇದು. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನಿನ ಹೊತ್ತಿಗೆ ಕರ್ನಾಟಕ ಗಡಿಯ ರಸ್ತೆಗೆಲ್ಲ ಮಣ್ಣು ಹಾಕಿದ್ದು ನೆನಪುಂಟಲ್ಲ, ತಲಪಾಡಿಯಲ್ಲಿ ಆಂಬುಲೆನ್ಸ್ ವಾಪಸು ಕಳಿಸಿ ಮಂಜೇಶ್ವರದ ಕಡೆಯ ರೋಗಿಗಳು ದಾರಿಯಲ್ಲೇ ತೀರಿಕೊಂಡದ್ದು, ವಿಷಯ ಹೈಕೋರ್ಟು ಸುಪ್ರೀಂ ಕೋರ್ಟಿಗೆ ಹೋದದ್ದು. ಆವತ್ತು ನಮ್ಮ ಮನೆಯಲ್ಲಿ ಮಾತ್ರೆ ಮುಗೀಲಿಕ್ಕೆ ಬಂದಿತ್ತು, ಮಂಗಳೂರಿನ ಅಂಗಡಿಯಲ್ಲಿ ಮದ್ದು ಉಂಟು, ಇಲ್ಲಿಂದ ಕಣ್ಣಳತೆ ದೂರ, ಆದ್ರೆ ಹೋಗ್ಲಿಕ್ಕಿಲ್ಲ. ಯಾರೋ ಪುಣ್ಯಾತ್ಮರು ತೆಂಕಿನಿಂದ, ಕಣ್ಣೂರಿನ ಕಡೆಯಿಂದ ತರಿಸಿಕೊಟ್ರು. ಅಂದಿನಿಂದ ತಂಗಿಯ ಮಗಳು ಮದ್ದಿನ ಡಬ್ಬಿ ಅರ್ಧ ಆದ ಕೂಡ್ಲೆ ಅಂಗಡಿಗೆ ಫೋನು ಮಾಡ್ತಾಳೆ.

ಎಲ್ಲಕ್ಕಿಂತ ಮುಖ್ಯದ್ದು ಜ್ವರದ ದಿನ. ಆರೋಗ್ಯದವರಿಗೆ ಜ್ವರ ಬಂದ್ರೆ ಅಡ್ರಿನಲ್ ತನ್ನಷ್ಟಕ್ಕೆ ಎರಡು ಮೂರು ಪಟ್ಟು ಕಾರ್ಟಿಸಾಲ್ ಮಾಡ್ತದೆ. ಈ ಮಕ್ಕಳಿಗೆ ಅದಾಗುದಿಲ್ಲ, ನಾವು ಕೊಡ್ಬೇಕು. ಜ್ವರ 101 ದಾಟಿತು, ಭೇದಿ ಸುರುವಾಯ್ತು, ಮೂಳೆ ಮುರೀತು, ಹಲ್ಲು ಕೀಳಿಸ್ಬೇಕು ಅಂತಾದ್ರೆ ಹೈಡ್ರೋಕಾರ್ಟಿಸೋನ್ ಡೋಸು ಡಾಕ್ಟರು ಮೊದಲೇ ಹೇಳಿಕೊಟ್ಟ ಹಾಗೆ ಎರಡು ಅಥವಾ ಮೂರು ಪಟ್ಟು, ಹುಷಾರಾದ ಮೇಲೆ ಮೊದಲಿನಷ್ಟಕ್ಕೇ ವಾಪಸು. ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗಿ, ಇಲಿಜ್ವರ ಎಷ್ಟು ಅಂತ ಹೇಳ್ಬೇಕಾಗಿಲ್ಲ. ಮಾತ್ರೆ ಕೊಟ್ಟದ್ದನ್ನು ಕಕ್ಕಿದ್ರೆ ಇನ್ನೊಮ್ಮೆ ಕೊಡಿ, ಅದನ್ನೂ ಕಕ್ಕಿದ್ರೆ ಮಾತ್ರೆಯ ಕೆಲಸ ಮುಗೀತು, ಇಂಜೆಕ್ಷನ್ನೇ ಬೇಕು, ತೊಡೆಗೆ ಚುಚ್ಚುವ ಹೈಡ್ರೋಕಾರ್ಟಿಸೋನ್. ಸಣ್ಣ ಕೂಸಿಗೆ 25 ಮಿಲಿಗ್ರಾಂ, ಶಾಲೆಗೆ ಹೋಗುವ ವಯಸ್ಸಿಗೆ 50, ದೊಡ್ಡವರಿಗೆ 100, ಸಾಮಾನ್ಯವಾಗಿ ಇಷ್ಟು. ಆಸ್ತಮಾ, ಅಲರ್ಜಿಗೆ ಕೊಡುವ ಅದೇ ಇಂಜೆಕ್ಷನ್, ತೀರಾ ಅಗ್ಗದ್ದು, ಸಣ್ಣ ಆಸ್ಪತ್ರೆಯಲ್ಲೂ ಇರ್ತದೆ. ನಮ್ಮ ಮನೆಯವರಿಗೆ ಆಸ್ಪತ್ರೆಯ ನರ್ಸು ಚುಚ್ಚಲಿಕ್ಕೆ ಕಲಿಸಿಕೊಟ್ಟಿದ್ದಾರೆ, ಮೊದ್ಲು ಕೈ ನಡುಗ್ತಿತ್ತು, ಈಗ ನನ್ನ ತಂಗಿಗೂ ಬರ್ತದೆ.

ಕಷ್ಟ ಆಗುದು ಗೊತ್ತಿಲ್ಲದ ಊರಿನ ಕ್ಯಾಶುವಾಲ್ಟಿಯಲ್ಲಿ. ರಾತ್ರಿ ಡ್ಯೂಟಿಯ ಡಾಕ್ಟರಿಗೆ ಈ ಕಾಯಿಲೆ ಕಾಲೇಜಿನಲ್ಲಿ ಓದಿದ್ದು ಮಾತ್ರ, ಕಣ್ಣಿಂದ ನೋಡಿರ್ಲಿಕ್ಕಿಲ್ಲ, ಮೊದ್ಲು ರಕ್ತ ಟೆಸ್ಟು ಆಗ್ಲಿ ನೋಡುವ ಅಂತಾರೆ. ತಾಯಿಗೆ ಕನ್ನಡ, ತುಳು ಬಿಟ್ರೆ ಬೇರೆ ಬಾರದು, ಡಾಕ್ಟರಿಗೆ ಮಲಯಾಳ ಮಾತ್ರ, ಗಡಿಬಿಡಿಯಲ್ಲಿ ವಿವರಿಸುದು ಹೇಗೆ? ಸರಕಾರದಿಂದ ಬರುವ ಸೂಚನೆ ಕೂಡ ಹೆಚ್ಚಿನದ್ದು ಮಲಯಾಳದಲ್ಲೇ. ಕನ್ನಡದವರು ಇರುವ ಪಂಚಾಯತಿನಲ್ಲಿ ರೇಶನ್ ಕಾರ್ಡಿನ ನೋಟೀಸು ಕನ್ನಡದಲ್ಲಿ ಬೇಕು ಅಂತ ನಾವು ಜಗಳ ಮಾಡ್ತೇವೆ, ಮಾಡ್ಲೇಬೇಕು, ಆದ್ರೆ ಮಗುವಿನ ಮದ್ದಿನ ವಿವರ ಕನ್ನಡದಲ್ಲಿ ಇಲ್ಲ ಅಂತ ಯಾರೂ ಕೇಳಿದ್ದು ನಾನು ನೋಡಿಲ್ಲ. ಈ ಕಾಯಿಲೆಯ ಮಕ್ಕಳಿಗೆ ಒಂದು ಕಾರ್ಡು, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಮತ್ತು ಇಂಗ್ಲಿಷು, ಆರೋಗ್ಯ ಇಲಾಖೆ ಅಚ್ಚು ಹಾಕಿ ಕೊಡ್ಲಿ. ಶಾಲೆಯ ಬ್ಯಾಗಿನಲ್ಲಿ ಒಂದು, ಅಮ್ಮನ ಪರ್ಸಿನಲ್ಲಿ ಒಂದು. ನಮ್ಮ ಹುಡುಗನ ಟೀಚರಿಗೆ ಇದರ ಬಗ್ಗೆ ಬರೆದು ಕೊಟ್ಟದ್ದರಿಂದ ಮಧ್ಯಾಹ್ನದ ಮಾತ್ರೆ ಅವರೇ ನೆನಪು ಮಾಡ್ತಾರೆ. ಬೇಸಗೆಯಲ್ಲಿ ಆಟ ಆಡಿ ಬೆವತು ಬಂದವನು ಸೀದಾ ಭರಣಿಗೆ ಕೈ ಹಾಕಿ ಉಪ್ಪುಸೊಳೆ, ಅಂದ್ರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ತಿಂತಾನೆ, ಅಜ್ಜಿ ಬೈತಾರೆ, ಬೈಬೇಡಿ ಅಮ್ಮ, ಅವನ ಮೈ ಕೇಳ್ತದೆ ಅಂತ ಹೇಳಿ ಹೇಳಿ ನನಗೆ ಸಾಕಾಯ್ತು.

ಇಲಾಖೆ ಅಚ್ಚು ಹಾಕುವವರೆಗೆ ಕಾಯ್ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಇರುವ ಕಾರ್ಡಿನ ಮಾತನ್ನು ಕೆಳಗೆ ಕೊಟ್ಟಿದ್ದೇನೆ, ಬೇಕಾದವರು ಕತ್ತರಿಸಿ ತಮ್ಮ ಡಾಕ್ಟರಿಗೆ ತೋರಿಸಿ, ಡೋಸು ಬರೆಸಿ, ಸಹಿ ಹಾಕಿಸಿ, ಅವರ ಹತ್ರವೇ ಇಂಗ್ಲಿಷಿನಲ್ಲೂ ಒಂದು ಬರೆಸಿ ಇಟ್ಟುಕೊಳ್ಳಿ.

"ಈ ಮಗುವಿಗೆ ಸಿಎಎಚ್ ಇದೆ, ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡುವುದಿಲ್ಲ, ದಿನವೂ ಹೈಡ್ರೋಕಾರ್ಟಿಸೋನ್ ಮತ್ತು ಫ್ಲುಡ್ರೋಕಾರ್ಟಿಸೋನ್ ತೆಗೆದುಕೊಳ್ಳುತ್ತದೆ, ಯಾವ ಕಾರಣಕ್ಕೂ ನಿಲ್ಲಿಸಬಾರದು. ವಾಂತಿ, ಪ್ರಜ್ಞೆ ತಪ್ಪುವುದು, ದೊಡ್ಡ ಪೆಟ್ಟು, ಆಪರೇಷನ್ ಇದ್ದರೆ ರಕ್ತ ಪರೀಕ್ಷೆಯ ರಿಸಲ್ಟಿಗೆ ಕಾಯದೆ ಕೂಡಲೇ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ..... ಮಿಲಿಗ್ರಾಂ ಕೊಡಿ, ಸಲೈನ್ ಮತ್ತು ಗ್ಲೂಕೋಸ್ ಹಾಕಿ, ಸೋಡಿಯಂ, ಪೊಟ್ಯಾಸಿಯಂ, ಶುಗರ್ ನೋಡಿ, ನಂತರ ಈ ನಂಬರಿಗೆ ಫೋನ್ ಮಾಡಿ ....."

ಇತಿ,
ನಿವೃತ್ತ ಅಧ್ಯಾಪಕ,
ಪೆರ್ಲ, ಕಾಸರಗೋಡು ಜಿಲ್ಲೆ